ಬೊಲೋನ್ಯದಲ್ಲಿ ನಮ್ಮ ಬಿಡಾರ

ಈ ಲೇಖನದಲ್ಲಿ ‘ನಾವು’ ಎಂದು ಬಂದಲ್ಲೆಲ್ಲ ವಾಚಕರು ಮೂರು ಜನರೆಂದು ತಿಳಿಯಬೇಕು: ನಾವು, ನಮ್ಮ ಮನೆಯವರು, ಏಳು ವರ್ಷದ ನಮ್ಮ ಪುಟ್ಟಿ. ತಪ್ಪು ನಡೆದ ಕಡೆಗಳಲ್ಲಿ ಮಾತ್ರ ‘ನಾವು’ ಎಂದರೆ ಒಬ್ಬರೇ. ಅವರು ಯಾರೆಂಬುದು ಓದುತ್ತ ಹೋದಂತೆ ತಾನಾಗಿಯೇ ತಿಳಿದೀತು.

ಮುಂಬಯಿಯ ಒಂದು ಸರ್ಕಾರಿ ಕಚೇರಿಯಲ್ಲಿ ನಾವು ಹನ್ನೊಂದು ವರ್ಷದಿಂದ ಗುಮಾಸ್ತರು. ಬಿ.ಎ. ಪಾಸಾದವರು, ಕಡತಕ್ಕೆ ಟಿಪ್ಪಣಿ ಬರೆಯುವುದರಲ್ಲಿ ಒಂದಿಷ್ಟು ಹೆಸರು ಪಡೆದವರು. ಮನೆಯವರು ನಮಗಿಂತ ಹೆಚ್ಚು ಓದಿದವರು. ಅವರಿಗೆ ಇಟಲಿಯ ಬೊಲೋನ್ಯ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಸಂಶೋಧನೆ ಮಾಡುವ ಅವಕಾಶ ಬಂದಾಗ ಮನೆಯಲ್ಲಿ ಮೂರು ರಾತ್ರಿ ಚರ್ಚೆಯಾಯಿತು. ಅವರೊಬ್ಬರೇ ಹೋಗುವುದೆಂದರೆ ಮಗುವಿನ ಗತಿ? ಮಗುವನ್ನು ಕರೆದುಕೊಂಡು ಹೋಗುವುದೆಂದರೆ ಪ್ರಯೋಗಶಾಲೆಯ ಗತಿ? ಕೊನೆಗೆ ನಾವು ಸಂಬಳವಿಲ್ಲದ ರಜೆಗೆ ಅರ್ಜಿ ಹಾಕಿದೆವು. ಅದು ಮಂಜೂರಾದ ದಿನ ಪಕ್ಕದ ಮೇಜಿನ ಹಿರಿಯರು, “ಇಷ್ಟು ದಿನ ಸರ್ಕಾರದ ಅನ್ನ ತಿಂದಿರಿ, ಇನ್ನು ಹೆಂಡತಿಯ ಅನ್ನ ತಿನ್ನಿ” ಎಂದು ಎಲ್ಲರೆದುರಿಗೆ ನಕ್ಕರು. ನಾವೂ ನಕ್ಕೆವು. ಆದರೆ ಆ ಮಾತು ವಿಮಾನದಲ್ಲಿ ನಮ್ಮ ಜೊತೆಗೇ ಬಂದಿತೆಂಬುದನ್ನು ಮುಚ್ಚಿಡಬಾರದು.

2024ರ ಸೆಪ್ಟೆಂಬರಿನಲ್ಲಿ ನಾವು ಬೊಲೋನ್ಯ ತಲುಪಿದೆವು. ಮೊದಲು ಊರಿನ ಹೆಸರಿನ ವಿಚಾರ. ನಮ್ಮ ವರ್ಣಮಾಲೆಯಲ್ಲಿ ಙ, ಞ ಎಂಬ ಎರಡು ಅಕ್ಷರಗಳು ಕೆಲಸವಿಲ್ಲದೆ ಕುಳಿತಿರುವುದನ್ನು ಎಲ್ಲರೂ ಬಲ್ಲರು. ಅವುಗಳಲ್ಲಿ ಎರಡನೆಯದಕ್ಕೆ ಇಟಲಿಯಲ್ಲಿ ಕೈತುಂಬ ಕೆಲಸವಿದೆ. ಊರಿನ ಹೆಸರನ್ನು ಸರಿಯಾಗಿ ಬರೆಯುವುದಾದರೆ ‘ಬೊಲೋಞ’ ಎಂದೇ ಬರೆಯಬೇಕು. ಅಲ್ಲಿಯ ಹೆಂಗಸರನ್ನು ಕರೆಯುವುದೂ ‘ಸಿಞೋರ’ ಎಂದು. ಚಿಕ್ಕಂದಿನಲ್ಲಿ ಮೇಷ್ಟರ ಬೆತ್ತಕ್ಕೆ ಹೆದರಿ ಕಲಿತ ಅಕ್ಷರ ಮೂವತ್ತು ವರ್ಷದ ಮೇಲೆ ಉಪಯೋಗಕ್ಕೆ ಬಂದುದನ್ನು ಕಂಡು ನಮಗೆ ಸಂತೋಷವಾಯಿತು.

ನಮಗೆ ಸಿಕ್ಕ ಮನೆ ರೈಲ್ವೆ ನಿಲ್ದಾಣದ ಹಿಂದಿನ ಬೊಲೊಞಿನ ಎಂಬ ಬಡಾವಣೆಯಲ್ಲಿ, ನಾಲ್ಕನೆಯ ಮಹಡಿ. ಎರಡು ಕೋಣೆ, ಒಂದು ಅಡಿಗೆಮನೆ. ಕಿಟಕಿ ತೆರೆದರೆ ಎದುರು ಮನೆಯವರ ಒಣಹಾಕಿದ ಬಟ್ಟೆ. ಡೊಂಬಿವಲಿಯಿಂದ ಬಂದ ನಮಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಹೊಸದಾಗಿ ಕಂಡುದು ಹಳೆಯ ಪೇಟೆಯ ಕಮಾನುಸಾಲು. ಊರಿನ ಬೀದಿಗಳ ಎರಡು ಬದಿಗೂ ಮನೆಗಳ ಮೇಲಂತಸ್ತು ಮುಂದಕ್ಕೆ ಚಾಚಿ, ಕೆಳಗೆ ಕಂಬ ಕಮಾನುಗಳ ಮೊಗಸಾಲೆ. ಅದಕ್ಕೆ ‘ಪೋರ್ತಿಕೊ’ ಎನ್ನುತ್ತಾರೆ. ಎಲ್ಲವನ್ನೂ ಸೇರಿಸಿದರೆ ಸುಮಾರು 62 ಕಿಲೋಮೀಟರು ಆಗುತ್ತದೆ. 2021ರಲ್ಲಿ ಯುನೆಸ್ಕೊ ಇವುಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಬೆಟ್ಟದ ಮೇಲಿನ ಸಾನ್ ಲೂಕಾ ಗುಡಿಗೆ ಹೋಗುವ ಒಂದೇ ಸಾಲಿನಲ್ಲಿ 666 ಕಮಾನುಗಳಿವೆ. ಅದರ ಉದ್ದ ಸುಮಾರು ನಾಲ್ಕು ಕಿಲೋಮೀಟರು. ಹಿಂದಿನ ಕಾಲದಲ್ಲಿ ವಿದ್ಯಾರ್ಥಿಗಳೂ ಕಸುಬುದಾರರೂ ಬಂದು ಸೇರಿ ಊರಿನಲ್ಲಿ ಜಾಗ ಸಾಲದಾದಾಗ ಜನ ಮಹಡಿಯನ್ನು ಬೀದಿಯ ಮೇಲಕ್ಕೆ ಚಾಚಿದರಂತೆ. 1288ರಲ್ಲಿ ಊರಾಡಳಿತ ಇದನ್ನು ಕಟ್ಟಳೆಯನ್ನಾಗಿಯೇ ಮಾಡಿತು: ಹೊಸ ಮನೆಗೆ ಪೋರ್ತಿಕೊ ಇರಲೇಬೇಕು. ಅದರ ಎತ್ತರ ಕುದುರೆ ಸವಾರ ಹೋಗುವಷ್ಟು. ನೆಲ ಮನೆಯೊಡೆಯನದು, ದುರಸ್ತಿ ಮನೆಯೊಡೆಯನದು, ನಡೆಯುವ ಹಕ್ಕು ಮಾತ್ರ ಎಲ್ಲರದು. ನಾವು ಸಾಗರದ ಕಡೆಯವರು. ದಾರಿಹೋಕರು ಬಂದು ಕುಳಿತು, ನೀರು ಬೆಲ್ಲ ಕೇಳಿ, ಮಳೆ ನಿಂತ ಮೇಲೆ ಎದ್ದು ಹೋಗುವ ಜಗಲಿಯಲ್ಲಿ ಬೆಳೆದವರು. ಊರಿಗೆ ಊರೇ ಜಗಲಿಯಾಗಿರುವುದನ್ನು ಕಂಡಾಗ, ಇಲ್ಲಿ ಎರಡು ವರ್ಷ ಕಳೆಯಬಹುದು ಎನಿಸಿತು.

ವಿದೇಶದಲ್ಲಿ ಸಂಸಾರ ಹೂಡುವುದೆಂದರೆ ಮೊದಲ ತಿಂಗಳೆಲ್ಲ ಅರ್ಜಿ ಬರೆಯುವುದು. ಬಂದ ಎಂಟು ಕೆಲಸದ ದಿನಗಳೊಳಗಾಗಿ ವಾಸದ ಪರವಾನಗಿಗೆ ಅರ್ಜಿ ಕೊಡಬೇಕು. ಅರ್ಜಿಯ ಲಕೋಟೆಯನ್ನು ಪಡೆಯುವುದೂ ಅಂಚೆ ಕಚೇರಿಯಲ್ಲಿ, ಒಪ್ಪಿಸುವುದೂ ಅಂಚೆ ಕಚೇರಿಯಲ್ಲಿ. ಅದಕ್ಕೆ 16 ಯೂರೋ ಬೆಲೆಯ ಸ್ಟಾಂಪು ಅಂಟಿಸಬೇಕು. ಆ ಸ್ಟಾಂಪು ಸಿಗುವುದು ಹೊಗೆಸೊಪ್ಪಿನ ಅಂಗಡಿಯಲ್ಲಿ! ಬಸ್ಸಿನ ಟಿಕೇಟೂ ಅಲ್ಲಿಯೇ. ಕೆಲವು ಅಂಗಡಿಗಳ ಹಳೆಯ ಫಲಕದಲ್ಲಿ ‘ಉಪ್ಪು ಮತ್ತು ಹೊಗೆಸೊಪ್ಪು’ ಎಂದೇ ಇದೆ. ಒಂದು ಕಾಲದಲ್ಲಿ ಉಪ್ಪು ಮಾರುವ ಅಧಿಕಾರವೂ ಸರ್ಕಾರದ್ದೇ ಆಗಿತ್ತು. 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹದ ಕಥೆ ಕೇಳಿ ಬೆಳೆದ ನಮಗೆ ಆ ಫಲಕ ನೋಡಿ ತಮಾಷೆಯೆನಿಸಿತು. ಸ್ಟಾಂಪು, ನಕಲು, ರುಜು, ‘ಇನ್ನೊಂದು ಕಿಟಕಿಗೆ ಹೋಗಿ’ – ಇವೆಲ್ಲ ನಮ್ಮ ಕುಲವಿದ್ಯೆ. ಅರ್ಜಿಯ ವಿಷಯದಲ್ಲಿ ನಾವು ಮನೆಯವರಿಗೆ ಗುರುಗಳಾದೆವು. ಆದರೆ ಅರ್ಜಿಯಲ್ಲಿ ‘ಯಾವ ಕಾರಣಕ್ಕಾಗಿ ವಾಸ’ ಎಂಬ ಅಂಕಣ ಬಂದಾಗ ನಮ್ಮ ಹೆಸರಿನ ಮುಂದೆ ‘ಕುಟುಂಬ’ ಎಂದು ಬರೆಯಬೇಕಾಯಿತು. ಮನೆಯವರು ಸಂಶೋಧಕರು, ನಾವು ಅವರ ಕುಟುಂಬ. ಲೇಖನಿ ಒಂದು ಕ್ಷಣ ನಿಂತುದು ನಿಜ.

ಆ ನೋವಿಗೆ ಊರಿನ ಚರಿತ್ರೆಯಲ್ಲಿಯೇ ಒಂದು ಔಷಧ ಸಿಕ್ಕಿತು. 1088ರಲ್ಲಿ ಹುಟ್ಟಿತೆಂದು ಹೇಳುವ ಈ ವಿಶ್ವವಿದ್ಯಾಲಯದಲ್ಲಿ ಲೌರಾ ಬಾಸ್ಸಿ ಎಂಬಾಕೆ 1732ರಲ್ಲಿಯೇ ಪದವಿಯನ್ನೂ ಅಧ್ಯಾಪಕಿಯ ಸ್ಥಾನವನ್ನೂ ಪಡೆದಳು. ಆಕೆಯ ಪತಿ ವೆರಾತ್ತಿ ವೈದ್ಯ, ತಾನೂ ಪಂಡಿತ. 1776ರಲ್ಲಿ ಆಕೆಗೆ ಪ್ರಾಯೋಗಿಕ ಭೌತಶಾಸ್ತ್ರದ ಪೀಠ ಸಿಕ್ಕಿದಾಗ ಅವನನ್ನು ಆಕೆಯ ಸಹಾಯಕನನ್ನಾಗಿ ನೇಮಿಸಿದರು. ಇದನ್ನು ಮನೆಯವರು ಎಲ್ಲಿಯೋ ಓದಿ ಬಂದು ನಮಗೆ ಹೇಳಿ, “ರೀ, ನಿಮಗಿಂತ ಇನ್ನೂರೈವತ್ತು ವರ್ಷ ಮೊದಲೇ ಒಬ್ಬರು ಈ ಕೆಲಸ ಮಾಡಿಬಿಟ್ಟಿದ್ದಾರೆ” ಎಂದರು. ಅಂದಿನಿಂದ ಪಾತ್ರೆ ತೊಳೆಯುವಾಗ ವೆರಾತ್ತಿಯವರನ್ನು ನೆನೆಯುವ ಪದ್ಧತಿ ಇಟ್ಟುಕೊಂಡೆವು.

ಅಡಿಗೆಯ ಭಾರ ನಮ್ಮದೇ ಆಯಿತು. ಇಟಲಿ ಯೂರೋಪಿನಲ್ಲಿ ಎಲ್ಲರಿಗಿಂತ ಹೆಚ್ಚು ಬತ್ತ ಬೆಳೆಯುವ ದೇಶವೆಂಬುದು ನಮಗೆ ಮೊದಲು ತಿಳಿದಿರಲಿಲ್ಲ. ಆದರೆ ಅವರ ಅರ್ಬೋರಿಯೊ ಅಕ್ಕಿ ಗುಂಡಗೆ, ದಪ್ಪ, ಬೆಂದರೆ ಅಂಟು. ಸಾರಿಗೆ ಕಲಸಿದರೆ ಗಂಜಿ. ಬಿಸಿಬೇಳೆ ಭಾತಿಗೆ ಮಾತ್ರ ಇದಕ್ಕಿಂತ ಒಳ್ಳೆಯ ಅಕ್ಕಿ ಇಲ್ಲವೆಂದು ಸ್ವಾನುಭವದಿಂದ ಬರೆಯುತ್ತಿದ್ದೇವೆ. ಗೋದಿಯ ಸಣ್ಣ ರವೆ ‘ಸೇಮೊಲ’ದಲ್ಲಿ ಉಪ್ಪಿಟ್ಟಾಗುತ್ತದೆ, ಕಡಲೆಹಿಟ್ಟು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ತೊಗರಿಬೇಳೆ, ಹುಣಿಸೆಹಣ್ಣು, ಕರಿಬೇವು ನಮ್ಮ ಬೀದಿಯ ಬಂಗಾಳಿ ಅಂಗಡಿಯಲ್ಲಿ. ಕಾಫಿಯ ಚಿಂತೆಯಂತೂ ಇಲ್ಲ: ನಮ್ಮ ದೇಶದಿಂದ ಹೊರಕ್ಕೆ ಹೋಗುವ ಕಾಫಿಯಲ್ಲಿ ದೊಡ್ಡ ಪಾಲು ಇಟಲಿಗೇ ಬರುತ್ತದೆ, ಕೊಡಗು ಚಿಕ್ಕಮಗಳೂರುಗಳ ಬೀಜ ನಮಗಿಂತ ಮೊದಲೇ ಇಲ್ಲಿ ಬಿಡಾರ ಹೂಡಿದೆ. ತೊಡಕು ಬಂದುದು ಹೊರಗೆ ತಿನ್ನುವಾಗ. ‘ಸೆಂತ್ಸ ಕಾರ್ನೆ’, ಎಂದರೆ ‘ಮಾಂಸವಿಲ್ಲದೆ’, ಎಂದು ಬಾಯಿಪಾಠ ಮಾಡಿ ಕೇಳಿದರೆ ತಟ್ಟೆಯಲ್ಲಿ ಹಂದಿಯ ಸಣ್ಣ ಚೂರುಗಳು ಬಂದವು. ಅದು ಮಾಂಸವಲ್ಲ, ರುಚಿಗೆ ಹಾಕಿದ್ದು ಎಂದು ಬಡಿಸಿದವನ ವಾದ! ನಾವು ರೊಟ್ಟಿಯನ್ನಷ್ಟೇ ತಿಂದು ಎದ್ದು ಬಂದೆವು.

ಮನೆಯ ಕೆಳಗಿನ ಮಹಡಿಯಲ್ಲಿ ಎಂಬತ್ತು ದಾಟಿದ ಒಬ್ಬ ಸಿಞೋರ ಇದ್ದಾರೆ. ನಾವು ಅನ್ನ ಬಸಿಯುವ ವಾಸನೆ ಹಿಡಿದು ಮೊದಲ ವಾರವೇ ಮೇಲೆ ಬಂದರು. ಅವರ ತಾಯಿ ಪ್ರತಿವರ್ಷ ಬೇಸಿಗೆಯ ಮೊದಲಲ್ಲಿ ಊರಿನ ಇತರ ಹೆಂಗಸರ ಜೊತೆ ರೈಲು ಹತ್ತಿ ಉತ್ತರದ ವೆರ್ಚೆಲ್ಲಿ ಕಡೆಗೆ ಹೋಗಿ, ನಲವತ್ತು ದಿನ ಮೊಣಕಾಲುದ್ದದ ನೀರಿನಲ್ಲಿ ನಿಂತು ಬತ್ತದ ಗದ್ದೆಯ ಕಳೆ ಕೀಳುತ್ತಿದ್ದರಂತೆ. ಕೂಲಿಯಲ್ಲಿ ಒಂದು ಭಾಗ ದುಡ್ಡು, ಒಂದು ಭಾಗ ಅಕ್ಕಿ. ಇದನ್ನೆಲ್ಲ ಅವರು ಹೇಳಿದುದು ಕೈಸನ್ನೆಯಲ್ಲಿ; ನಮಗೆ ತಿಳಿದುದು ಮಲೆನಾಡಿನ ನಟ್ಟಿ ಕಳೆಗಳ ನೆನಪಿನಿಂದ.

ಹೀಗೆ ಕೈಸನ್ನೆಯಲ್ಲಿಯೇ ಎರಡು ವರ್ಷ ತಳ್ಳಿಬಿಡಬಹುದೆಂದು ನಾವು ಲೆಕ್ಕ ಹಾಕಿದ್ದೆವು. ಆ ಲೆಕ್ಕ ತಪ್ಪಿದ ಕಥೆಯೇ ಈ ಲೇಖನದ ಮುಖ್ಯ ಭಾಗ.

ಪುಟ್ಟಿಯನ್ನು ಹತ್ತಿರದ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಎರಡನೆಯ ತರಗತಿಗೆ ಸೇರಿಸಿದ್ದೆವು. ಬೆಳಿಗ್ಗೆ ಎಂಟೂವರೆಯಿಂದ ಸಂಜೆ ನಾಲ್ಕೂವರೆಯವರೆಗೆ. ಮಧ್ಯಾಹ್ನದ ಊಟವೂ ಅಲ್ಲಿಯೇ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು ಮಾತಾಡಿ ಗಿಣಿಯಂತಿದ್ದ ಹುಡುಗಿ ಅಲ್ಲಿ ಬಾಯಿ ಮುಚ್ಚಿದವಳು ತೆರೆಯಲಿಲ್ಲ. ಎರಡು ತಿಂಗಳು ಶಾಲೆಯಲ್ಲಿ ಒಂದು ಮಾತೂ ಆಡಲಿಲ್ಲವಂತೆ. ಮಕ್ಕಳು ಹೀಗೆ ಕೆಲವು ಕಾಲ ಕೇಳುತ್ತ ಸುಮ್ಮನಿರುತ್ತಾರೆ, ಗಾಬರಿ ಬೇಡ ಎಂದು ಉಪಾಧ್ಯಾಯಿನಿ ಮನೆಯವರಿಗೆ ಇಂಗ್ಲಿಷಿನಲ್ಲಿ ತಿಳಿಸಿದ್ದರು.

ನವೆಂಬರಿನ ಒಂದು ದಿನ ಅವಳ ದಿನಚರಿ ಪುಸ್ತಕದಲ್ಲಿ ಒಂದು ಚೀಟಿ ಅಂಟಿಸಿ ಬಂದಿತು. ಮೂರು ಸಾಲು, ಕೆಳಗೆ ತಂದೆತಾಯಿಯ ರುಜುವಿಗೆ ಜಾಗ. ಮನೆಯವರು ಬರುವುದು ತಡವಾಗಿತ್ತು. ಹನ್ನೊಂದು ವರ್ಷ, ‘ಓದದೆ ರುಜು ಹಾಕಬೇಡ’ ಎಂದು ಕಿರಿಯರಿಗೆ ಬುದ್ಧಿ ಹೇಳಿದ ನಾವು, ಒಲೆಯ ಮೇಲಿನ ಸಾರು ಉಕ್ಕೀತೆಂಬ ಆತುರದಲ್ಲಿ ಅದಕ್ಕೆ ರುಜು ಹಾಕಿಬಿಟ್ಟೆವು. ಆ ಚೀಟಿಯಲ್ಲಿದ್ದುದು: ನಾಳೆ ಮುಷ್ಕರದ ನಿಮಿತ್ತ ಊಟವಿರುವುದಿಲ್ಲ, ಮಕ್ಕಳನ್ನು ಹನ್ನೆರಡೂವರೆಗೆ ಕರೆದುಕೊಂಡು ಹೋಗಬೇಕು.

ಮರುದಿನ ಒಂದು ಗಂಟೆಯ ಹೊತ್ತಿಗೆ ನಮ್ಮ ಫೋನು ಬಾರಿಸಿತು. ಒಂದು ಹೆಣ್ಣು ಧ್ವನಿ ಒಂದೇ ಉಸಿರಿಗೆ ಏನೋ ಹೇಳಿತು. ನಮಗೆ ಗೊತ್ತಿದ್ದುದು ಎರಡು ಮಾತು. ಎರಡನ್ನೂ ಆಡಿದೆವು: “ಸೀ, ಸೀ, ಗ್ರಾತ್ಸಿಯೆ”. ‘ಹೌದು ಹೌದು, ವಂದನೆಗಳು.’ ಫೋನು ಇಟ್ಟೆವು. ಯಾವುದೋ ಕಂಪೆನಿಯ ವ್ಯಾಪಾರದ ಮಾತೆಂದುಕೊಂಡು ಬಟ್ಟೆಯ ಗಂಟು ಹೊತ್ತು ಬೀದಿಯ ಕೊನೆಯ ಒಗೆತದ ಅಂಗಡಿಗೆ ಹೋದೆವು. ಆ ಯಂತ್ರಗಳ ಸದ್ದಿನಲ್ಲಿ ಮತ್ತೆರಡು ಸಲ ಕರೆ ಬಂದುದು ಕೇಳಿಸಲಿಲ್ಲ. ಮನೆಯವರ ಫೋನು ಪ್ರಯೋಗಶಾಲೆಯ ಹೊರಗಿನ ಪೆಟ್ಟಿಗೆಯಲ್ಲಿತ್ತು. ನಾಲ್ಕೂವರೆಗೆ ಎಂದಿನಂತೆ ಶಾಲೆಯ ಬಾಗಿಲಿಗೆ ಹೋದರೆ ಒಬ್ಬ ತಂದೆಯೂ ಇಲ್ಲ, ಒಬ್ಬ ತಾಯಿಯೂ ಇಲ್ಲ. ಒಳಗೆ, ಉದ್ದನೆಯ ಓಣಿಯ ತುದಿಯಲ್ಲಿ, ಕೋಟು ಟೋಪಿ ಹಾಕಿಕೊಂಡು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಪುಟ್ಟಿ ಒಂದು ಕುರ್ಚಿಯ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ಶಾಲೆಯ ಆಯಾ. ಆ ತಾಯಿ ತನ್ನ ಬುತ್ತಿಯ ಅರ್ಧ ರೊಟ್ಟಿಯನ್ನು ಅವಳಿಗೆ ಕೊಟ್ಟಿದ್ದಳು. ನಾಲ್ಕು ಗಂಟೆಯ ಕಾಲ ಹುಡುಗಿ ಅತ್ತಿರಲಿಲ್ಲ.

ದಾರಿಯಲ್ಲಿ ಅವಳು ಕೇಳಿದ್ದು ಒಂದೇ ಮಾತು: “ಅಪ್ಪ, ಅವರು ಫೋನು ಮಾಡಿದಾಗ ನಾನು ಅಲ್ಲೇ ಇದ್ದೆ. ನಿನ್ನ ಧ್ವನಿ ಕೇಳಿಸ್ತು. ಹೌದು ಹೌದು ಅಂದ್ಯಲ್ಲ, ಯಾಕೆ ಬರಲಿಲ್ಲ?”

ನಮಗೆ ಉತ್ತರ ಹೊಳೆಯಲಿಲ್ಲ. ಆ ರಾತ್ರಿ ಅವಳು ಅಮ್ಮನ ಪಕ್ಕದಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮನೆಯವರು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. “ನಾಳೆ ಕ್ಲಾಸಿಗೆ ಹೆಸರು ಕೊಟ್ಟು ಬನ್ನಿ” ಎಂದಷ್ಟೇ ಹೇಳಿ ದೀಪ ಆರಿಸಿದರು.

ವಯಸ್ಕರಿಗಾಗಿ ಇಟಲಿಯಲ್ಲಿ ಸರ್ಕಾರಿ ಶಿಕ್ಷಣ ಕೇಂದ್ರಗಳಿವೆ. ಹೊಸದಾಗಿ ಬಂದವರಿಗೆ ಅಲ್ಲಿ ಭಾಷೆ ಕಲಿಸುತ್ತಾರೆ, ಖರ್ಚು ಹೆಚ್ಚಿಲ್ಲ. ಇದು ಬರಿಯ ಉಪಕಾರವಲ್ಲ, ಕಾಯಿದೆಯ ಮಾತೂ ಹೌದು. 2012ರ ಮಾರ್ಚಿಯಿಂದ, ಮೊದಲ ಸಲ ಬಂದು ಒಂದು ವರ್ಷಕ್ಕೆ ಕಡಿಮೆಯಿಲ್ಲದ ಪರವಾನಗಿ ಕೇಳುವ ಬಹುಪಾಲು ವಿದೇಶೀಯರು ಸರ್ಕಾರದೊಡನೆ ಒಂದು ಒಪ್ಪಂದಕ್ಕೆ ರುಜು ಹಾಕಬೇಕು. ಕೈಗೆ ಮೊದಲು 16 ಅಂಕ ಕೊಡುತ್ತಾರೆ. ಎರಡು ವರ್ಷದಲ್ಲಿ ಅದು 30 ಆಗಬೇಕು. ಭಾಷೆಯನ್ನು ಎ-2 ಎಂಬ ಮೆಟ್ಟಿಲಿನವರೆಗೆ ಆಡಲು ಬರಬೇಕು.

ನಮ್ಮ ತರಗತಿ ವಾರಕ್ಕೆ ಎರಡು ದಿನ, ಬೆಳಿಗ್ಗೆ. ಮಕ್ಕಳ ಕಾಲದ ನಂತರ ನಾವು ಬೆಂಚಿನಲ್ಲಿ ಕುಳಿತುದು ಅದೇ ಮೊದಲು. ಎಡಕ್ಕೆ ಉಗ್ರಾಣದಲ್ಲಿ ರಾತ್ರಿ ಪಾಳಿ ಮುಗಿಸಿ ನೇರವಾಗಿ ಬರುವ ಪಂಜಾಬಿನ ಸರದಾರರು. ಬಲಕ್ಕೆ ಯುದ್ಧ ಬಿಟ್ಟು ಮೊಮ್ಮಗನೊಡನೆ ಬಂದ ಉಕ್ರೇನಿನ ಅಜ್ಜಿ. ಮುಂದೆ ಮೊರಾಕ್ಕೊದ ಇಬ್ಬರು ಹೆಂಗಸರು, ಚೀನದ ಒಬ್ಬ ದರ್ಜಿ. ಹಿಂದೆ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಬಾಂಗ್ಲಾದೇಶದ ಹುಡುಗ. ಬಿ.ಎ. ಆದವರು ನಾವೊಬ್ಬರೇ ಇದ್ದೆವೆಂದು ತೋರುತ್ತದೆ. ಎಲ್ಲರಿಗಿಂತ ಹಿಂದುಳಿದವರೂ ನಾವೇ. ಕ್ರಿಯಾಪದದ ರೂಪಗಳನ್ನು ಪಟ್ಟಿ ಹಾಕಿ ಮೂರು ಬಣ್ಣದ ಶಾಯಿಯಲ್ಲಿ ಬರೆದಿಟ್ಟಿದ್ದೆವು. ಆದರೆ ಬಾಯಿ ತೆರೆದರೆ ತಪ್ಪಾದೀತೆಂಬ ಭಯ. ಆ ಹುಡುಗ ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವನು. ತಪ್ಪೋ ಒಪ್ಪೋ ಮಾತಾಡುತ್ತಲೇ ಇದ್ದ. ಅವನ ಮಾತು ಉಪಾಧ್ಯಾಯಿನಿಗೆ ತಿಳಿಯುತ್ತಿತ್ತು. ನಮ್ಮ ಮೌನ ಯಾರಿಗೂ ತಿಳಿಯುತ್ತಿರಲಿಲ್ಲ. ಪುಟ್ಟಿಯ ಎರಡು ತಿಂಗಳ ಮೌನವೆಂದರೇನು ಎಂಬುದು ನಮಗೆ ಅರ್ಥವಾದುದು ಆ ಬೆಂಚಿನ ಮೇಲೆ.

ಒಂದು ದಿನ ಉಪಾಧ್ಯಾಯಿನಿ ಆಲ್ಬೆರ್ತೊ ಮಾನ್ತ್ಸಿ ಎಂಬ ಮೇಷ್ಟರ ಕಥೆ ಹೇಳಿದರು. 1960ರಿಂದ 1968ರವರೆಗೆ ಅವರು ಇಟಲಿಯ ದೂರದರ್ಶನದಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುತ್ತಿದ್ದರಂತೆ. ಇದ್ದಿಲಿನಿಂದ ಚಿತ್ರ ಬರೆದು ಪಾಠ. ಆ ಕಾರ್ಯಕ್ರಮದ ಹೆಸರಿನ ಅರ್ಥ ‘ಎಂದೂ ತೀರ ತಡವಲ್ಲ’ ಎಂದು. ಇಟಲಿ ಒಂದು ರಾಜ್ಯವಾದುದು 1861ರಲ್ಲಿ. ಆಗ ಇಟಾಲಿಯನ್ ಆಡುತ್ತಿದ್ದವರು ಸ್ವಲ್ಪ ಜನ. ಉಳಿದವರಿಗೆಲ್ಲ ಅವರವರ ಊರಿನ ನುಡಿ. ಹೀಗಾಗಿ ಇಟಾಲಿಯನ್ನರೇ ಬಹುಮಂದಿ ಇಟಾಲಿಯನ್ನನ್ನು ಶಾಲೆಯಲ್ಲಿ ಕಲಿತವರು. ಈ ಮಾತನ್ನು ಸಂಜೆ ಕೆಳಗಿನ ಸಿಞೋರರಿಗೆ ವರದಿ ಮಾಡಿದಾಗ ಅವರ ಕಣ್ಣು ತುಂಬಿತು. ಗದ್ದೆಯ ಕಳೆ ಕಿತ್ತ ಅವರ ತಾಯಿ ರುಜು ಹಾಕಲು ಕಲಿತುದು ಆ ಕಾರ್ಯಕ್ರಮ ನೋಡಿಯೇ ಅಂತೆ. ಅಲ್ಲಿಯವರೆಗೆ ಹೆಬ್ಬೆಟ್ಟು.

ಭಾಷೆಯ ವಿಚಾರವಾಗಿ ನಮ್ಮ ವಾಚಕರಿಗೆ ಎರಡು ಮಾತು ಹೇಳಬೇಕು. ಕನ್ನಡಿಗರಿಗೆ ಇಟಾಲಿಯನ್ ಅಷ್ಟು ಪರಕೀಯವಲ್ಲ. ನಾವು ಬಸ್ಸನ್ನು ‘ಬಸ್ಸು’ ಎಂದೂ ಕಾರನ್ನು ‘ಕಾರು’ ಎಂದೂ ಕೊನೆಗೆ ಸ್ವರ ಸೇರಿಸಿ ಆಡುವವರು. ಅವರ ಮಾತುಗಳೂ ಬಹುಮಟ್ಟಿಗೆ ಸ್ವರದಲ್ಲಿಯೇ ಮುಗಿಯುತ್ತವೆ. ಇನ್ನು ಒತ್ತಕ್ಷರ. ನಮ್ಮಲ್ಲಿ ‘ಎಲೆ’ ಬೇರೆ, ‘ಎಲ್ಲೆ’ ಬೇರೆ. ‘ಬಳಿ’ ಬೇರೆ, ‘ಬಳ್ಳಿ’ ಬೇರೆ. ಅವರಲ್ಲಿ ‘ಕಾಸ’ ಎಂದರೆ ಮನೆ, ‘ಕಾಸ್ಸ’ ಎಂದರೆ ಅಂಗಡಿಯಲ್ಲಿ ದುಡ್ಡು ಕೊಡುವ ಜಾಗ. ‘ಕಪೆಲ್ಲೊ’ ಎಂದರೆ ಕೂದಲು, ‘ಕಪ್ಪೆಲ್ಲೊ’ ಎಂದರೆ ಟೋಪಿ. ತರಗತಿಯಲ್ಲಿ ಉಳಿದವರೆಲ್ಲ ಇದರಲ್ಲಿ ಎಡವಿದಾಗ ನಾವು ತಪ್ಪಿಲ್ಲದೆ ಹೇಳಿ ಮೊದಲ ಸಲ ‘ಬ್ರಾವೊ’ ಎನಿಸಿಕೊಂಡೆವು. ಕಷ್ಟವಾದುದು ಲಿಂಗ. ನಮಗೆ ಮೇಜು, ಪುಸ್ತಕ, ಊರು ಎಲ್ಲ ‘ಅದು’. ಅವರಿಗೆ ಪ್ರತಿಯೊಂದೂ ಗಂಡು ಇಲ್ಲವೇ ಹೆಣ್ಣು. ಕುರ್ಚಿ ಹಿಂದಿ, ಮರಾಠಿಗಳಲ್ಲಿ ಹೆಣ್ಣಷ್ಟೆ, ಇಟಾಲಿಯನ್ನಿನಲ್ಲೂ ಹೆಣ್ಣೇ. ಇದನ್ನು ನಂಬಿ ಹಿಂದಿಯ ಹೆಗಲ ಮೇಲೆ ಕೈಯಿಟ್ಟು ನಡೆದರೆ ಪುಸ್ತಕದ ಹತ್ತಿರ ಬಿದ್ದೆವು: ಹಿಂದಿಯ ‘ಕಿತಾಬ್’ ಹೆಣ್ಣು, ಇವರ ‘ಲಿಬ್ರೊ’ ಗಂಡು.

ಬಾಂಧವ್ಯದ ಪಾಠದಲ್ಲಿ ಮಾತ್ರ ನಾವು ಉಪಾಧ್ಯಾಯಿನಿಗೆ ಪಾಠ ಹೇಳಬೇಕಾಯಿತು. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಮೂವರೂ ಅವರಿಗೆ ‘ತ್ಸಿಯೊ’. ಮೊಮ್ಮಗನೂ ‘ನಿಪೋತೆ’, ಅಣ್ಣನ ಮಗನೂ ‘ನಿಪೋತೆ’! ಅದೇ ಬಹುವಚನದ ಮರ್ಯಾದೆ ನೋಡಿದರೆ ಅವರಿಗೂ ನಮ್ಮಂತೆ ಎರಡು ರೀತಿ: ಆಪ್ತರಿಗೆ ‘ತು’, ಗೌರವಕ್ಕೆ ‘ಲೇಯಿ’. ಉಪಾಧ್ಯಾಯಿನಿ ತಮ್ಮನ್ನು ‘ತು’ ಎಂದು ಕರೆಯಿರಿ ಎಂದರು. ಗುರುಗಳನ್ನು ‘ನೀನು’ ಎನ್ನುವುದು ಹೇಗೆ? ಸರದಾರರೂ ನಾವೂ ಕೊನೆಯವರೆಗೂ ‘ಲೇಯಿ’ ಎಂದೇ ಉಳಿದೆವು.

ಗಂಟೆ ಹೇಳುವ ಪಾಠವಾದ ವಾರ ಪುಟ್ಟಿಯನ್ನು ಕರೆದುಕೊಂಡು ನಿಲ್ದಾಣದ ಮುಂದೆ ಹೋಗುತ್ತಿದ್ದೆವು. ಗೋಡೆಯ ದೊಡ್ಡ ಗಡಿಯಾರ ನೋಡಿ, ಕಲಿತುದನ್ನು ತೋರಿಸಬೇಕೆಂದು, “ಹತ್ತು ಗಂಟೆ ಇಪ್ಪತ್ತೈದು ನಿಮಿಷ” ಎಂದು ಇಟಾಲಿಯನ್ನಿನಲ್ಲಿ ಹೇಳಿದೆವು. “ಅಪ್ಪ, ಈಗ ಸಂಜೆ. ಆ ಗಡಿಯಾರ ಕೆಟ್ಟಿದೆ” ಎಂದಳು. ಕೆಟ್ಟಿರಲಿಲ್ಲ. 1980ರ ಆಗಸ್ಟ್ 2ರಂದು ಬೆಳಿಗ್ಗೆ ಸರಿಯಾಗಿ ಆ ಹೊತ್ತಿಗೆ ನಿಲ್ದಾಣದ ಪ್ರಯಾಣಿಕರ ಕೋಣೆಯಲ್ಲಿ ಬಾಂಬು ಸಿಡಿದು 85 ಜನ ಸತ್ತರು, ಇನ್ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಅವರ ನೆನಪಿಗಾಗಿ ಗಡಿಯಾರವನ್ನು ನಿಲ್ಲಿಸಿದ್ದಾರೆ. ಇದನ್ನು ನಮಗೆ ತಿಳಿಸಿದವರು ಸರದಾರರು. ನಾವಿಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ನಾವು 2006ರ ಜುಲೈ 11ರ ಮುಂಬಯಿಯ ಲೋಕಲ್ ಗಾಡಿಗಳನ್ನು ನೆನೆದೆವು. ಅವರು ಏನನ್ನು ನೆನೆದರೋ, ಕೇಳಲಿಲ್ಲ.

ಡಿಸೆಂಬರ್ ಕಳೆಯುವಷ್ಟರಲ್ಲಿ ಪುಟ್ಟಿಯ ಬಾಯಿ ಬಿಟ್ಟಿತು. ಬಿಟ್ಟಿತೆಂದರೆ ಅಣೆಕಟ್ಟು ಒಡೆದಂತೆ, ಅದೂ ಇಟಾಲಿಯನ್ನಿನಲ್ಲಿ. ಸಂತೋಷಪಡುತ್ತಿರುವಾಗಲೇ ಇನ್ನೊಂದು ಚಿಂತೆ. ಭಾನುವಾರ ಊರಿಗೆ ಫೋನು ಮಾಡಿದರೆ ಅಜ್ಜಿಗೆ ಅರ್ಧ ಕನ್ನಡ, ಅರ್ಧ ಇಟಾಲಿಯನ್. “ಇದು ಏನಂತದೇ ಮಾರಾಯ?” ಎಂದು ನಮ್ಮ ಅಮ್ಮ. ಮುಂಬಯಿ ಪುಣೆಗಳಲ್ಲಿರುವ ನಮ್ಮವರಿಗೆ ಈ ಚಿಂತೆಯನ್ನು ವಿವರಿಸಬೇಕಾಗಿಲ್ಲ. ಮನೆ ಮನೆಯ ಚಿಂತೆ ಅದೇ.

ಆಗ ನಮಗೆ ಪಿಯೆತ್ರೊ ದೆಲ್ಲ ವಾಲ್ಲೆ ನೆನಪಾದನು. ಈ ರೋಮಾಪುರದ ಪ್ರವಾಸಿ 1623ರಲ್ಲಿ ಹೊನ್ನಾವರದಿಂದ ಘಟ್ಟ ಹತ್ತಿ, ವೆಂಕಟಪ್ಪ ನಾಯಕನ ಇಕ್ಕೇರಿಗೆ ಬಂದವನು. ಇಕ್ಕೇರಿ ನಮ್ಮ ಸಾಗರದ ಪಕ್ಕದಲ್ಲಿಯೇ ಇದೆ. ಆ ಪ್ರಯಾಣದಲ್ಲಿ ಒಂದು ಗುಡಿಯ ಜಗಲಿಯಲ್ಲಿ ಹುಡುಗರು ನೆಲದ ಮೇಲೆ ನುಣುಪು ಮರಳು ಹರಡಿ, ಬೆರಳಿನಿಂದ ಲೆಕ್ಕ ಬರೆಯುತ್ತ, ಬರೆದುದನ್ನೇ ರಾಗವಾಗಿ ಹಾಡುತ್ತ ಕಲಿಯುವುದನ್ನು ಕಂಡು ಮೆಚ್ಚಿ ತನ್ನ ಪತ್ರದಲ್ಲಿ ಬರೆದಿಟ್ಟಿದ್ದಾನೆ. ನಾನೂರು ವರ್ಷದ ಹಿಂದೆ ಅವನು ನಮ್ಮ ಸೀಮೆಯಲ್ಲಿ ನಿಂತು ನೋಡಿದನು. ಈಗ ಅವನ ದೇಶದಲ್ಲಿ ನಾವು. ಒಂದು ದೊಡ್ಡ ತಟ್ಟೆಗೆ ಸೇಮೊಲ ರವೆ ಹರಡಿದೆವು. ಊಟವಾದ ಮೇಲೆ ಅರ್ಧ ಗಂಟೆ ಪುಟ್ಟಿ ಅದರಲ್ಲಿ ಕನ್ನಡ ಅಕ್ಷರ ತಿದ್ದಬೇಕು. ಇನ್ನರ್ಧ ಗಂಟೆ ಅವಳು ಮೇಷ್ಟ್ರು, ನಾವು ಶಿಷ್ಯರು; ಅವಳು ಹೇಳಿದ ಇಟಾಲಿಯನ್ ಮಾತನ್ನು ನಾವು ಬರೆಯಬೇಕು. ನಾವು ಮೇಷ್ಟರಾಗಿ ಬಹಳ ಮೃದು. ಅವಳು ಹಾಗಲ್ಲ. ‘ಮುಷ್ಕರ’ ಎಂಬ ಅರ್ಥದ ‘ಷೋಪೆರೊ’ ಶಬ್ದದಲ್ಲಿ ಒತ್ತು ಮೊದಲ ಅಕ್ಷರದ ಮೇಲೆ ಬರಬೇಕೆಂದು ಇಪ್ಪತ್ತು ಸಲ ಹೇಳಿಸಿದಳು. ಆ ಶಬ್ದವನ್ನೇ ಅವಳು ಆರಿಸಿದ್ದೇಕೆಂದು ನಾವು ಕೇಳಲಿಲ್ಲ.

ಮಾರ್ಚಿಯಲ್ಲಿ ಒಂದು ಬೆಳಿಗ್ಗೆ, ಹನ್ನೊಂದರ ಸುಮಾರಿಗೆ, ಮತ್ತೆ ಫೋನು. ಮತ್ತೆ ಅದೇ ವೇಗದ ಹೆಣ್ಣು ಧ್ವನಿ. ಕೈ ನಡುಗಿತು. ನಾಲ್ಕು ಶಬ್ದಗಳನ್ನು ಹಿಡಿದೆವು: ಮಗಳ ಹೆಸರು, ‘ಫೆಬ್ಬ್ರೆ’ ಎಂದರೆ ಜ್ವರ, ಮೂವತ್ತೆಂಟೂವರೆ, ‘ಸುಬಿತೊ’ ಎಂದರೆ ಕೂಡಲೆ. ಈ ಸಲ ನಾವು ಹೌದು ಹೌದು ಎನ್ನಲಿಲ್ಲ. ದಯವಿಟ್ಟು ನಿಧಾನವಾಗಿ ಹೇಳಿ ಎಂದು ಕೇಳಿದೆವು. ಅವರು ನಿಧಾನವಾಗಿ ಹೇಳಿದರು. “ಮಗಳಿಗೆ ಜ್ವರ, ನಾನು ಈಗಲೇ ಬರಬೇಕು, ಅಲ್ಲವೆ?” ಎಂದೆವು. ಲಿಂಗ ತಪ್ಪಿರಬಹುದು, ವಿಭಕ್ತಿ ತಪ್ಪಿರಬಹುದು. “ಹತ್ತು ನಿಮಿಷ” ಎಂದು ಹೇಳಿ, ಒಲೆ ಆರಿಸಿ, ಮೆಟ್ಟಿಲು ಇಳಿದು ಓಡಿದೆವು. ಕಮಾನುಗಳ ಕೆಳಗೆ ಮಳೆಯಲ್ಲಿ ನೆನೆಯದೆ ನಿಂತಿದ್ದ ಜನ ದಾರಿ ಬಿಟ್ಟರು.

ಅದೇ ಓಣಿ, ಅದೇ ಕುರ್ಚಿ, ಅದೇ ಆಯಾ. ಪುಟ್ಟಿಯ ಮುಖ ಕೆಂಪಾಗಿತ್ತು. ನಮ್ಮನ್ನು ಕಂಡು ಆ ತಾಯಿಗೆ ಇಟಾಲಿಯನ್ನಿನಲ್ಲಿ, “ನಾನು ಹೇಳಿರಲಿಲ್ಲವೆ? ಬರುತ್ತಾನೆ ಅಂತ” ಎಂದಳು. ಆಮೇಲೆ ನಮ್ಮ ಹೆಗಲ ಮೇಲೆ ತಲೆಯಿಟ್ಟು ಕನ್ನಡದಲ್ಲಿ, “ಈ ಸಲ ಅರ್ಥ ಆಯ್ತಾ ಅಪ್ಪ?” ಎಂದಳು. ಅವಳನ್ನು ಎತ್ತಿಕೊಂಡೇ ಮನೆಗೆ ಬಂದೆವು. ಏಳು ವರ್ಷದ ಹುಡುಗಿ ಭಾರವೇ. ಆದರೂ ಇಳಿಸಲಿಲ್ಲ.

ಜೂನಿನ ಪರೀಕ್ಷೆಯಲ್ಲಿ ನಾವು ಎ-1 ದಾಟಿದೆವು. ಎ-2ಕ್ಕೆ ಈಗ ಓದುತ್ತಿದ್ದೇವೆ. ಬಾಂಗ್ಲಾದೇಶದ ಹುಡುಗ ನಮಗಿಂತ ಮೊದಲೇ ದಾಟಿ ಹೋದ. ನಾವಿದನ್ನು ಬರೆಯುತ್ತಿರುವುದು ಎರಡನೆಯ ಚಳಿಗಾಲದಲ್ಲಿ. ರಜೆ ಮುಗಿಯುವ ದಿನವನ್ನು ಮನೆಯವರು ಪಂಚಾಂಗದಲ್ಲಿ ಗುರುತು ಮಾಡಿದ್ದಾರೆ. ಪುಟ್ಟಿ ಅಜ್ಜಿಗೆ ಕನ್ನಡದಲ್ಲಿ ಮೂರು ಸಾಲಿನ ಕಾಗದ ಬರೆದಿದ್ದಾಳೆ. ಅದರಲ್ಲಿ ಞ ಅಕ್ಷರವನ್ನು ಬೇಕೆಂದೇ ಎರಡು ಕಡೆ ಉಪಯೋಗಿಸಿದ್ದಾಳೆ.

ಕಚೇರಿಯ ಹಿರಿಯರು ಮೊನ್ನೆ ಪತ್ರ ಬರೆದು, ಈ ಇಟಾಲಿಯನ್ ಕಲಿತು ಬಂದರೆ ನಮ್ಮ ಕಡತಗಳಿಗೆ ಏನು ಲಾಭ ಎಂದು ವಿಚಾರಿಸಿದ್ದಾರೆ. ಲಾಭವೇನೂ ಇಲ್ಲವೆಂದು ಉತ್ತರ ಬರೆದಿದ್ದೇವೆ. ಇನ್ನು ಮುಂದೆ ಓದದೆ ಯಾವುದಕ್ಕೂ ರುಜು ಹಾಕುವುದಿಲ್ಲವೆಂಬುದನ್ನು ಮಾತ್ರ ಕೆಳಗೆ ಸೇರಿಸಿದ್ದೇವೆ.